ಹಳದಿ ಗೆರೆಯ ಮೂರನೆಯ ದಿನ

ಬೆಳಿಗ್ಗೆ ಮೈಸೂರಿನ ರೈಲು ಚೆನ್ನೈ ಸೆಂಟ್ರಲ್ ಮುಟ್ಟುವಷ್ಟರಲ್ಲೇ ಅಂಗಿ ಬೆನ್ನಿಗೆ ಅಂಟಿತ್ತು. ಅಲ್ಲಿ ಒಂದು ರಸ್ತೆಗೆ ಹಳದಿ ಗೆರೆ ಎಳೆದು, ಗೆರೆಯೊಳಗಿನ ಪಕ್ಕವನ್ನು ಬಸ್ಸಿಗೆಂದೇ ಬಿಟ್ಟು ಒಂದು ವಾರದ ಪ್ರಯೋಗ ನಡೆಸುತ್ತಿದ್ದರು. ಅಂದು ಮೂರನೆಯ ದಿನ. ನೋಡಿ ಬಂದು ವರದಿ ಕೊಡಲು ನಮ್ಮ ಕಚೇರಿ ನನ್ನನ್ನು ಕಳಿಸಿತ್ತು. ಯೋಜನೆ ರೂಪಿಸಿದ ಎಂಜಿನಿಯರ್ ವರದರಾಜನ್ ಸ್ಟೇಷನ್ನಿಗೇ ಬಂದಿದ್ದರು. ತಾತನ ಕಾಲದಿಂದ ಮದ್ರಾಸಿನಲ್ಲೇ ನೆಲೆಸಿ ತಮಿಳು ಬೆರೆತ ಕನ್ನಡ ಆಡುವ ಅಯ್ಯಂಗಾರರು.

ಪುರಸೈವಾಕ್ಕಂನ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದೆವು. ವರದರಾಜನ್‌ಗೆ ಪರಿಚಯದ ಕ್ಯಾಷಿಯರ್ ಭಟ್ಟರ ಮಗಳು ಸುಮತಿಗೆ ಅಂದು ವೇಲಚೇರಿಯಲ್ಲಿ ಬ್ಯಾಂಕ್ ಪರೀಕ್ಷೆ. ಹತ್ತಕ್ಕೆ ಗೇಟು ಮುಚ್ಚುತ್ತಾರೆ.

"ಏಳೂವರೆಗೇ ಹೊರಡ್ತೇನೆ ಅಂದ್ಲು ಮಾರಾಯ್ರೆ. ಎಂಟೂವರೆ ಬಸ್ ಸಾಕು ಅಂತ ನೀವೇ ಹೇಳಿದ್ದಲ್ವಾ?" ಎಂದರು ಭಟ್ಟರು ವರದರಾಜನ್ ಕಡೆ ತಿರುಗಿ.

"ಕಂಡಿಪ್ಪಾ ಸಾಕು! ನೇತ್ತು ನಾನೇ ಹೋಗಿ ಪಾರ್ತಿದೀನಿ," ಎಂದರು ವರದರಾಜನ್. ಹಿಂದಿನ ದಿನ ತಾವೇ ಆ ಬಸ್ಸಿನಲ್ಲಿ ಹೋಗಿ ನೋಡಿದ್ದರಂತೆ.

ಸುಮತಿ, ವರದರಾಜನ್, ನಾನು ಮೂವರೂ ಎಂಟೂವರೆ ಬಸ್ ಹತ್ತಿದೆವು. ಗಿಂಡಿ ದಾಟಿದ ಮೇಲೆ ಹಳದಿ ಗೆರೆ ಶುರುವಾಯಿತು. ಗೆರೆಯೊಳಗೆ ಕಾರು, ಆಟೋ ತುಂಬಿದ್ದವು. ಹಿಂದಿನ ದಿನ ನಿಂತಿದ್ದ ಪೊಲೀಸರು ಇರಲಿಲ್ಲ. ಅವರಿಗೆ ಎರಡೇ ದಿನದ ಆದೇಶವಂತೆ. ಮುಂದೆ ಬಸ್ ಪೂರ್ತಿ ನಿಂತಿತು. ಗೆರೆಗೆ ಅಡ್ಡಲಾಗಿ ಕೇಬಲ್‌ಗೆಂದು ಗುಂಡಿ ತೋಡುತ್ತಿದ್ದರು.

ವರದರಾಜನ್ ಇಳಿದು ಕೂಗಾಡಿದರು. ಮೇಸ್ತ್ರಿ ಜೇಬಿನಿಂದ ಅನುಮತಿ ಪತ್ರ ತೆಗೆದು ತೋರಿಸಿದ. ಗೆರೆ ಎಳೆಯಲು ಒಪ್ಪಿದ್ದ ಕಚೇರಿಯೇ ಅಗೆಯಲೂ ಒಪ್ಪಿತ್ತು.

ಸುಮತಿ ಗಡಿಯಾರ ನೋಡಿ ಇಳಿದು ಓಡಿದಳು. ನಾವೂ ಬೆವರು ಸುರಿಸುತ್ತ ಹಿಂದೆ ಓಡಿದೆವು. ಗೇಟು ಮುಚ್ಚಿ ಏಳು ನಿಮಿಷವಾಗಿತ್ತು. ಐವತ್ತಾರು ವರ್ಷದ ವರದರಾಜನ್ ಕಾವಲುಗಾರನಿಗೆ ಕೈಮುಗಿದರು. ಅವನು ತಲೆ ಅಲ್ಲಾಡಿಸಿದ.

"ಪರವಾಯಿಲ್ಲೆ ಅಂಕಲ್. ಈ ವರ್ಷದ್ದು ಪೋಚು, ಹೋಯ್ತು ಅಷ್ಟೆ," ಎಂದಳು ಸುಮತಿ. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನ ಪ್ರಯೋಗಕ್ಕೆ ಸೇರಿದ ಇಲಾಖೆಗಳ ಸಭೆ. ರಸ್ತೆಯವರು ಪೊಲೀಸರ ಕಡೆ, ಪೊಲೀಸರು ಬಸ್ಸಿನವರ ಕಡೆ ಬೆರಳು ತೋರಿಸಿದರು. ಇಡೀ ದಾರಿಗೆ ಹೊಣೆ ಯಾರೆಂದು ಕೇಳಿದೆ. ಯಾರೋ ಕಾಫಿ ತರಿಸಿದರು. ಕೊನೆಗೆ ಟೈಪಾಗಿ ಬಂದದ್ದು ಒಂದೇ ವಾಕ್ಯ: ಸಾರ್ವಜನಿಕರ ಸಹಕಾರವಿಲ್ಲದ ಕಾರಣ ಪ್ರಯೋಗ ನಿಲ್ಲಿಸಲಾಗಿದೆ. ವರದರಾಜನ್ ಅದನ್ನು ಎರಡು ಸಲ ಓದಿ ಸಹಿ ಹಾಕಿದರು. ಹೊರಗಿನಿಂದ ಬಂದ ವೀಕ್ಷಕನೆಂದು ಸಭೆಯವರು ಹಾಳೆಯನ್ನು ನನ್ನ ಮುಂದೂ ತಳ್ಳಿದರು. ಎಲ್ಲರೂ ಎದ್ದು ಕಾಯುತ್ತಿದ್ದರು. ನಾನೂ ಹಾಕಿದೆ.

ಸಂಜೆ ಪ್ಲಾಟ್‌ಫಾರಮ್ಮಿನಲ್ಲಿ ವರದರಾಜನ್ ಕಿಟಕಿಯ ಹತ್ತಿರ ಬಂದರು.

"ನಿಮ್ಮೂರ ವರದಿಯಲ್ಲಾದ್ರೂ ನಡೆದದ್ದು ಬರೀರಿ ಸಾರ್."

"ಬರೀತೀನಿ," ಎಂದೆ.

ಆ ಹಾಳೆಯ ಒಂದು ಪ್ರತಿಯನ್ನು ನಮ್ಮ ಕಚೇರಿಗೆ ಆಗಲೇ ಫ್ಯಾಕ್ಸ್ ಮಾಡಿದ್ದರು, ನನ್ನ ಸಹಿಯ ಸಮೇತ.