ದೋಣಿಯ ಟಾಯ್ಲೆಟ್ಟು ಮತ್ತು ನಮ್ಮತ್ತೆ

ನಮ್ಮತ್ತೆ, ಅಂದರೆ ಹೆಂಡತಿಯ ತಾಯಿ, ನನ್ನ ಜೊತೆ ರಾಜಕೀಯ ಬೇಕಾದರೆ ಗಂಟೆಗಟ್ಟಲೆ ಮಾತಾಡುತ್ತಾರೆ. ಬಚ್ಚಲು, ಹೊಟ್ಟೆ, ಕಾಯಿಲೆ ಎಂದರೆ ಮಾತ್ರ ಅಳಿಯನ ಎದುರು ಬಾಯಿ ಬಿಡುವುದಿಲ್ಲ. ನಾನು ಪಕ್ಕದಲ್ಲೇ ಕೂತಿದ್ದರೂ ಮಗಳಿಗೆ, "ಅವರನ್ನ ಕೇಳು" ಎನ್ನುತ್ತಾರೆ. ಹನುಮಂತನಗರದ ಬಾಡಿಗೆ ಮನೆ ಬಿಟ್ಟು, ಜೆ.ಪಿ. ನಗರದ ನಮ್ಮ ಮನೆಯ ಮಹಡಿಯಲ್ಲಿ ನಾನು ಬಚ್ಚಲು ಸಮೇತ ಕಟ್ಟಿಸಿಕೊಟ್ಟ ರೂಮಿಗೆ ಬಂದು ವರ್ಷವಾದರೂ ಈ ಪದ್ಧತಿ ಬದಲಾಗಲಿಲ್ಲ.

ಕಳೆದ ಚಳಿಗಾಲದಲ್ಲಿ ಮೂವರೂ ಉಡುಪಿ ಕಡೆಯ ಹಿನ್ನೀರಿನಲ್ಲಿ ದೋಣಿಮನೆಗೆ ಹೋದೆವು. ಎಲ್ಲಿಗೆ ಹೊರಟರೂ ಮೊದಲು ಓದಿಕೊಂಡು ಭಾಷಣ ಬಿಗಿಯುವುದು ನನ್ನ ರೋಗ. ದೋಣಿಯ ಟಾಯ್ಲೆಟ್ಟನ್ನೂ ಬಿಡಲಿಲ್ಲ. ಹೊಲಸನ್ನು ನೀರಿಗೆ ಬಿಡುವ ಹಾಗಿಲ್ಲ, ಟ್ಯಾಂಕಿನಲ್ಲಿ ಕೂಡಿಟ್ಟು ದಡದಲ್ಲಿ ಪಂಪು ಹಾಕಿ ತೆಗೆಸಬೇಕು, ಸಣ್ಣ ದೋಣಿಯಾದರೆ ಎತ್ತಿಕೊಂಡು ಹೋಗುವ ಪೆಟ್ಟಿಗೆಯಂಥ ಕಮೋಡೂ ಸಿಗುತ್ತದೆ ಎಂದು ಹೊರಡುವ ದಿನ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಲೇ ಹೆಂಡತಿಗೆ ವಿವರಿಸಿದೆ. ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ದೋಣಿ ಹತ್ತಿದ ಕೂಡಲೇ ಅತ್ತೆ ನೀರಿಗೆ ಅರಿಶಿನ, ಕುಂಕುಮ, ಹೂವು ಬಿಟ್ಟು, "ತಾಯಿ ಗಂಗಮ್ಮ" ಎಂದು ಕೈಮುಗಿದರು. ದೋಣಿ ಹೊರಟು ಎರಡು ಗಂಟೆಯಾದ ಮೇಲೆ ಮಗಳನ್ನು ಕರೆದರು. "ಇಲ್ಲಿಂದು ಎಲ್ಲಿಗೆ ಹೋಗತ್ತೆ, ಅವರನ್ನ ಕೇಳು. ಈ ನೀರಿಗೇ ಆದ್ರೆ ನಾನು ಹೋಗಲ್ಲ."

"ಟ್ಯಾಂಕಿಗೆ ಹೋಗತ್ತೆ ಅಂತ ಹೇಳೇ," ಎಂದೆ.

"ಕಣ್ಣಾರೆ ನೋಡ್ಬೇಕಂತೆ," ಎಂದಳು ಹೆಂಡತಿ.

ದೋಣಿಯವನು ಹಲಗೆ ಎತ್ತಿ ಟ್ಯಾಂಕು ತೋರಿಸಿದ. ಹೊಳೆಯ ಕಡೆಗೆ ಹೋಗುವ ಪೈಪಿನ ವಾಲ್ವಿಗೆ ಹಾಕಿದ್ದ ಬೀಗವನ್ನೂ ತೋರಿಸಿದ. ಅತ್ತೆ ಸಮಾಧಾನದಿಂದ ಎದ್ದರು. ಅಷ್ಟರಲ್ಲಿ ಅವನು ಟ್ಯಾಂಕು ತುಂಬಿದಾಗ ಹತ್ತುವ ಕೆಂಪು ದೀಪ ನೋಡಿ ತಲೆ ಚಚ್ಚಿಕೊಂಡ. "ನಿನ್ನೆಯವ್ರದ್ದೇ ತುಂಬಿದೆ ಮಾರಾಯ್ರೆ, ಖಾಲಿ ಮಾಡ್ಲಿಕ್ಕೆ ಮರ್ತೇ ಹೋಯ್ತು. ಈಗ ಹೋದ್ರೆ ಉಕ್ಕಿ ಮೇಲೆ ಬರ್ತದೆ."

ಅತ್ತೆಗೆ ಸಕ್ಕರೆ ಕಾಯಿಲೆ. ಮುಖ ಆಗಲೇ ಬೆವೆತಿತ್ತು. ನನಗೆ ನಿಜಕ್ಕೂ ಭಯವಾಯಿತು. "ಎಮರ್ಜೆನ್ಸಿ ಅಲ್ವಾ ಅಣ್ಣಾ, ಒಂದ್ಸಲ ಬೀಗ ತೆಗೀರಿ. ಯಾರಿಗೆ ಗೊತ್ತಾಗತ್ತೆ?" ಎಂದೆ. ಭಾಷಣ ಮಾಡಿದ್ದ ಬಾಯಿಯೇ!

"ಬೇಡ ಅಂತ ಹೇಳು ಅವರಿಗೆ," ಎಂದರು ಅತ್ತೆ, ಹಲ್ಲು ಕಚ್ಚಿ.

ಟ್ಯಾಂಕು ಖಾಲಿ ಮಾಡುವ ಪಂಪಿದ್ದ ದಡದ ಕಟ್ಟೆಗೆ ಅರ್ಧ ಗಂಟೆ ದಾರಿ. ಅಷ್ಟು ಹೊತ್ತೂ ಅತ್ತೆ ಕಣ್ಣುಮುಚ್ಚಿ, ಕುರ್ಚಿಯ ಕೈ ಹಿಡಿದು, ದೇವರನಾಮ ಗೊಣಗುತ್ತಿದ್ದರು. ಸುತ್ತಲಿನ ನೀರಿನ ಸೊಬಗನ್ನು ವರ್ಣಿಸಲು ಹೊರಟ ನನ್ನನ್ನು ಹೆಂಡತಿ ಚಿವುಟಿ ಸುಮ್ಮನಾಗಿಸಿದಳು. ಕೊನೆಗೆ ಕಟ್ಟೆ ಬಂತು, ದಪ್ಪ ಪೈಪು ಗುಳುಗುಳು ಎಂದು ಎಲ್ಲವನ್ನೂ ಎಳೆದುಕೊಂಡಿತು, ದೀಪ ಹಸಿರಾಯಿತು. ಅತ್ತೆ ಓಡಿದರು.

ಹೊರಗೆ ಬಂದವರು ಮುಖ ಒರೆಸಿಕೊಂಡು ನಿಧಾನವಾಗಿ ಕೂತರು. "ಅವರನ್ನ ಕೇಳು, ನಮ್ಮ ಮಹಡಿ ಮೇಲಿಂದು ಎಲ್ಲಿಗೆ ಹೋಗತ್ತೆ?"

ಹೆಂಡತಿ ನನ್ನತ್ತ ತಿರುಗಿದಳು. ಮಹಡಿಯ ಪೈಪನ್ನು ಒಳಚರಂಡಿಗೆ ಸೇರಿಸಲು ಅಂಗಳದ ಹೊಸ ಗ್ರಾನೈಟು ಒಡೆಯಬೇಕಿತ್ತು. "ಮಳೆನೀರಿನ ಮೋರಿಗೆ ಬಿಟ್ಬಿಡ್ತೀನಿ ಸಾರ್, ಎಲ್ರೂ ಮಾಡೋದೇ," ಎಂದಿದ್ದ ಪ್ಲಂಬರ್. ಹೂಂ ಎಂದವನು ನಾನು. ಆ ಮೋರಿ ಸೇರುವುದು ಅತ್ತೆ ದಿನಾ ಬೆಳಿಗ್ಗೆ ಸುತ್ತುಹಾಕಿ ಕೈಮುಗಿದು ಬರುವ ಕೆರೆಗೆ.

"ನಾನೇ ಕೇಳ್ತಿದೀನಿ, ಹೇಳಿ," ಎಂದರು, ಈ ಸಲ ನೇರವಾಗಿ ನನ್ನ ಮುಖ ನೋಡಿ.

ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಒಂದು ವರ್ಷದಿಂದ ನನ್ನ ಕೈಲಿ ಇದನ್ನ ಮಾಡಿಸ್ತಿದ್ರಾ?" ಎಂದರು ಅಷ್ಟೇ.

ಊರಿಗೆ ಬಂದ ಮರುದಿನವೇ ಗ್ರಾನೈಟು ಒಡೆಸಿದೆ. ಕೆಲಸ ಮುಗಿಯುವವರೆಗೆ ಅತ್ತೆ ಮಹಡಿಯ ಬಚ್ಚಲಿಗೆ ಕಾಲಿಡಲಿಲ್ಲ. "ಈಗ ಸರಿಹೋಯ್ತು ಅತ್ತೆ," ಎಂದೆ. ಅವರು ಕಣ್ಣಾರೆ ನೋಡದೆ ನಂಬುವವರಲ್ಲ. ಒಂದು ಬಕೆಟ್ ನೀರಿಗೆ ಹಿಡಿ ಅರಿಶಿನ ಕಲಸಿ ಮಗಳ ಕೈಗೆ ಕೊಟ್ಟು, ಮೇಲೆ ಹೋಗಿ ಸುರಿಯಲು ಹೇಳಿದರು. ಪ್ಲಂಬರನನ್ನು ಒಳಚರಂಡಿಯ ಗುಂಡಿಯ ಹತ್ತಿರ ನಿಲ್ಲಿಸಿ, ತಾವೇ ಹೋಗಿ ಮೋರಿಯ ಮೇಲೆ ಬಗ್ಗಿ ನಿಂತರು.

"ಹಳದಿ ಇಲ್ಲಿ ಬಂತಮ್ಮಾ!" ಎಂದು ಪ್ಲಂಬರ್ ಕೂಗಿದ. ಅತ್ತೆ ಇನ್ನೂ ಸ್ವಲ್ಪ ಹೊತ್ತು ಮೋರಿ ನೋಡುತ್ತಲೇ ಇದ್ದರು.