ಕಲ್ಲಿಲ್ಲದ ನೀರಿನಲ್ಲಿ ಕಲ್ಲಿನ ಸದ್ದು

ಬೆಳಗಿನ ಜಾವ ಐದು ಗಂಟೆ. ತ್ರೀ ಫೇಸ್ ಕರೆಂಟ್ ಈಗಷ್ಟೇ ಬಂದಿದೆ. ಹುಳಿಯಾರು ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ, ಕೆರೆ ಅಂಗಳದ ದೊಡ್ಡ ಬಾವಿಯ ಪಕ್ಕದಲ್ಲಿರುವ ಪಂಪ್‌ಹೌಸಿನಲ್ಲಿ ಜುಂಜಣ್ಣ ಸ್ಟಾರ್ಟರಿನ ಹಸಿರು ಗುಂಡಿ ಒತ್ತುತ್ತಾರೆ. ಒತ್ತಿದವರು ಮೀಟರಿನ ಕಡೆ ನೋಡುವುದಿಲ್ಲ. ಒಂದು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಹೊಟ್ಟೆಗೆ ಆನಿಸಿ, ಹಿಡಿಯನ್ನು ಎಡಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಾರೆ.

ಒಳಗೆ ಜಲ್ಲಿಕಲ್ಲು ಉರುಳುತ್ತಿದೆ. ಒಂದು ಹಿಡಿ ಜಲ್ಲಿಯನ್ನು ತಗಡಿನ ಡಬ್ಬಕ್ಕೆ ಹಾಕಿ ಕುಲುಕಿದಂಥ ಸದ್ದು. ಎರಡು ನಿಮಿಷ ಕೇಳುತ್ತಾರೆ. ಸದ್ದು ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಅಡಿಯಲ್ಲಿರುವ ಸಿಮೆಂಟ್ ಕಟ್ಟೆ ಪಾದಕ್ಕೆ ಸಣ್ಣಗೆ ಅದುರುತ್ತದೆ. ಜುಂಜಣ್ಣ ಕೆಂಪು ಗುಂಡಿ ಒತ್ತಿಬಿಡುತ್ತಾರೆ.

ಆ ಗುಂಡಿ ಒತ್ತುವುದು ಸುಲಭದ ಮಾತಲ್ಲ. ಐದು ಊರುಗಳ ನಾನೂರ ಹನ್ನೆರಡು ನಲ್ಲಿಗಳಿಗೆ ಇರುವುದು ಇದೊಂದೇ ಪಂಪು. ಕರೆಂಟ್ ಇರುವುದು ಒಂಬತ್ತರವರೆಗೆ ಮಾತ್ರ. ಲಕ್ಷ ಲೀಟರಿನ ಟ್ಯಾಂಕ್ ತುಂಬಲು ಹೆಚ್ಚುಕಮ್ಮಿ ಮೂರೂವರೆ ಗಂಟೆ ಬೇಕು. ಜುಂಜಣ್ಣ ನೆಂಟರ ಮದುವೆಗೆಂದು ಎರಡು ದಿನ ಹೋಗಿದ್ದಾಗ ನೀರು ಸರಿಯಾಗಿ ಏರಿಲ್ಲ. ಟ್ಯಾಂಕಿನ ತಳ ಒಣಗಿದೆ. ಇವತ್ತೂ ನೀರು ಹತ್ತದಿದ್ದರೆ ಮೂರನೆಯ ದಿನ. ನಿಲ್ಲಿಸದೆ ಓಡಿಸಿದರೆ ಪಂಪೇ ಉಳಿಯುವುದಿಲ್ಲ.

ಫೋನ್ ಬರುತ್ತದೆ. ಪಂಚಾಯಿತಿ ಅಧ್ಯಕ್ಷ ಶಂಭುಲಿಂಗಯ್ಯನವರದು. ಅವರ ಮನೆ ಟ್ಯಾಂಕಿನ ಪಕ್ಕದಲ್ಲೇ. ಪೈಪಿನಲ್ಲಿ ನೀರು ಬಿದ್ದ ಸದ್ದು ಬಂದು ನಿಂತದ್ದು ಕೇಳಿಸಿದೆ. ಯಾಕೆ ನಿಂತಿತು ಎಂದು ವಿಚಾರಿಸಿದ ಅವರು, ಸದ್ದು ಬಂದರೆ ಬರಲಿ, ಇವತ್ತೊಂದು ದಿನ ಹೇಗಾದರೂ ತುಂಬಿಸಿಬಿಡು, ರಿಪೇರಿ ನಾಳೆ ನೋಡೋಣ ಎನ್ನುತ್ತಾರೆ.

"ಇವತ್ತು ಓಡಿಸಿದ್ರೆ ನಾಳೆ ರಿಪೇರಿ ಮಾಡಕ್ಕೆ ಏನೂ ಇರಾಕಿಲ್ಲ ಸ್ವಾಮಿ," ಎಂದಷ್ಟೇ ಹೇಳಿ ಜುಂಜಣ್ಣ ಫೋನ್ ಜೇಬಿಗೆ ಹಾಕುತ್ತಾರೆ. ಗುತ್ತಿಗೆಯ ಕೆಲಸ. ಹೀಗೆ ಮಾತಾಡಿ ಅಭ್ಯಾಸವಿಲ್ಲ.

ಐವತ್ತನಾಲ್ಕರ ಜುಂಜಣ್ಣ ಹುಟ್ಟಿದ್ದು ಪಕ್ಕದ ಹಟ್ಟಿಯಲ್ಲಿ. ಮೂವತ್ತೆರಡರವರೆಗೆ ಕುರಿ ಕಾದವರು. ಪಂಪ್‌ಹೌಸ್ ಕಟ್ಟಿದಾಗ ಕಾವಲಿಗೆ ಬಂದವರು ನೋಡಿ ನೋಡಿಯೇ ಆಪರೇಟರ್ ಆದರು. ಇಪ್ಪತ್ತೆರಡು ವರ್ಷ ಮೋಟರಿನ ಪಕ್ಕ ಕೂತು ಬಲಗಿವಿ ಅರ್ಧ ಹೋಗಿದೆ. ಹೆಂಡತಿ ಕರಿಯಕ್ಕನಿಗೆ ಅದರ ಬಗ್ಗೆ ಬೇರೆಯೇ ಅಭಿಪ್ರಾಯವಿದೆ. "ಆ ಮಿಷನ್ನು ಕೆಮ್ಮಿದ್ರೆ ಹಟ್ಟಿಲಿ ಮಲಗಿದ್ರೂ ಕೇಳ್ತದೆ. ನಾನು ಪಕ್ಕದಲ್ಲಿ ಕುಂತು ಕೂಗಿದ್ರೂ ಕೇಳಾಕಿಲ್ಲ. ಅದೇನು ಕಿವಿನೋ," ಎನ್ನುತ್ತಾರೆ.

ಜುಂಜಣ್ಣನ ಭಯಕ್ಕೆ ಕಾರಣ ಪಂಪಿನೊಳಗಿನ ಇಂಪೆಲ್ಲರ್. ಬಾವಿಯಿಂದ ನೀರನ್ನು ಎಳೆದು ಮೇಲಕ್ಕೆ ಎಸೆಯುವ, ಊಟದ ತಟ್ಟೆಯಷ್ಟಗಲದ ಲೋಹದ ಚಕ್ರ ಅದು. ಮೂರು ವರ್ಷದ ಹಿಂದೆ, ಇಂಥದ್ದೇ ಬೇಸಿಗೆಯಲ್ಲಿ, ಅದು ಹಾಳಾಗಿ ಐದೂ ಊರು ಒಂಬತ್ತು ದಿನ ನೀರಿಲ್ಲದೆ ಕೂತಿದ್ದವು. ತೋಟದ ಬೋರ್‌ವೆಲ್‌ಗಳ ಮುಂದೆ ಕೊಡಗಳ ಸಾಲು, ಸಾಲಿನಲ್ಲಿ ಜಗಳ. ಹೊಸ ಚಕ್ರ ಸಿಗದೆ, ಹಳೆಯದಕ್ಕೇ ತೂತು ಮುಚ್ಚಿಸಿ, ವೆಲ್ಡಿಂಗ್ ಮಾಡಿಸಿ ಕೂರಿಸಿದರು. ಈಗ ತಿರುಗುತ್ತಿರುವುದು ಅದೇ ತೇಪೆಯ ಚಕ್ರ. ಇನ್ನೊಂದು ಪೆಟ್ಟನ್ನು ಇದು ತಡೆಯುವುದಿಲ್ಲವೆಂದು ಚಿಕ್ಕನಾಯಕನಹಳ್ಳಿಯಿಂದ ಬಂದಿದ್ದ ಜೂನಿಯರ್ ಎಂಜಿನಿಯರ್ ಭವ್ಯಶ್ರೀ ಆಗಲೇ ಎಚ್ಚರಿಸಿದ್ದರು.

ಆ ದಿನ ಪಂಪು ಬಿಚ್ಚಿದಾಗ ಚಕ್ರದ ರೆಕ್ಕೆಗಳು ಗೆದ್ದಲು ತಿಂದ ಹಲಗೆಯಂತಿದ್ದವು. ಮರಳು ತಿಂದಿದೆ ಎಂದರು ಊರವರು. ಭವ್ಯಶ್ರೀ ಒಪ್ಪಲಿಲ್ಲ. ಮರಳು ತೀಡಿದರೆ ಲೋಹ ನುಣ್ಣಗಾಗುತ್ತದೆ. ಇದು ಗುಳಿ ಗುಳಿಯಾಗಿ, ಸ್ಪಂಜಿನಂತೆ ಆಗಿತ್ತು. ಪಂಪಿನೊಳಗೆ ಒಂದು ಹರಳೂ ಸಿಕ್ಕಲಿಲ್ಲ. ಇದಕ್ಕೆ ಕ್ಯಾವಿಟೇಶನ್ ಎನ್ನುತ್ತಾರೆ ಎಂದು ಹೇಳಿ, ಅಲ್ಲೇ ಕುಡಿಯುತ್ತಿದ್ದ ಎಳನೀರಿನ ಕೊಳವೆಯನ್ನು ಬೆರಳಲ್ಲಿ ಅದುಮಿ ಹೀರಿ ತೋರಿಸಿದರು. ಕೊಳವೆ ಒಳಕ್ಕೆ ಅಂಟಿಕೊಂಡಿತು. ಪಂಪು ಎಳೆಯುವಷ್ಟು ನೀರು ಕೆಳಗಿನಿಂದ ಸಲೀಸಾಗಿ ಬರದಿದ್ದರೆ ಚಕ್ರದ ಬಾಯಲ್ಲಿ ಒತ್ತಡ ತೀರ ಇಳಿಯುತ್ತದೆ. ಒತ್ತಡ ಅಷ್ಟು ಇಳಿದರೆ ತಣ್ಣೀರೂ ಕುದಿಯುತ್ತದೆ, ಬೆಂಕಿಯೇ ಬೇಡ. ಆವಿಯ ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ನೀರಿನ ಜೊತೆ ಒಂದು ಗೇಣು ಮುಂದೆ ಹೋಗುವಷ್ಟರಲ್ಲಿ ಒತ್ತಡ ಮತ್ತೆ ಏರುತ್ತದೆ, ಗುಳ್ಳೆ ತನ್ನೊಳಗೇ ಕುಸಿಯುತ್ತದೆ. ಆ ಜಾಗಕ್ಕೆ ಸುತ್ತಲಿನ ನೀರು ಸೂಜಿಮೊನೆಯಂತೆ ನುಗ್ಗಿ ಲೋಹಕ್ಕೆ ಬಡಿಯುತ್ತದೆ. ಒಂದು ಗುಳ್ಳೆಯ ಪೆಟ್ಟು ಲೆಕ್ಕಕ್ಕಿಲ್ಲ. ಸೆಕೆಂಡಿಗೆ ಸಾವಿರಾರು, ದಿನಕ್ಕೆ ನಾಲ್ಕು ಗಂಟೆ, ತಿಂಗಳುಗಟ್ಟಲೆ ಬಿದ್ದರೆ ಎಂಥ ಲೋಹವೂ ಉದುರುತ್ತದೆ. ಜಲ್ಲಿಯಂತೆ ಕೇಳಿಸುವುದು ಈ ಗುಳ್ಳೆಗಳು ಕುಸಿಯುವ ಸದ್ದು.

ಬಾವಿಯ ನೀರು ತಗ್ಗಿದಷ್ಟೂ ಪಂಪು ಹೆಚ್ಚು ಆಳದಿಂದ ಎಳೆಯಬೇಕು. ಹಾಗಾಗಿ ಬೇಸಿಗೆಯಲ್ಲಿ ಈ ಕಾಟ ಹೆಚ್ಚು. ಅಷ್ಟಕ್ಕೇ ಚಕ್ರ ಹೀಗಾಗುವುದಿಲ್ಲ ಎಂಬ ಅನುಮಾನ ಭವ್ಯಶ್ರೀ ಅವರಿಗಿತ್ತು. ಎಳೆಯುವ ಪೈಪಿನ ತುದಿಗೆ, ಅಂದರೆ ನೀರಿನೊಳಗಿನ ಫುಟ್ ವಾಲ್ವ್‌ಗೆ, ಏನಾದರೂ ಅಡ್ಡ ಬಂದಿತ್ತೇ ಎಂದು ಎರಡು ಸಲ ಕೇಳಿದರು. ಏನೂ ಇರಲಿಲ್ಲ ಎಂದು ಜುಂಜಣ್ಣ ಎರಡು ಸಲ ಹೇಳಿದರು.

ಇವತ್ತು ಐದೂವರೆಗೆ ಭೀಮರಾಜು ಬೈಕಿನಲ್ಲಿ ಬರುತ್ತಾರೆ. ನಾರಿನ ಫ್ಯಾಕ್ಟರಿಯಲ್ಲಿ ಕೆಲಸ, ವಯಸ್ಸು ನಲವತ್ತರ ಹತ್ತಿರ. ಜುಂಜಣ್ಣ ಇಲ್ಲದ ಎರಡು ದಿನ ಪಂಪು ನೋಡಿಕೊಂಡವರು ಅವರೇ. ಸದ್ದಿನ ಮಾತೆತ್ತಿದ ಕೂಡಲೇ ಅವರ ಮುಖ ಅರಳುತ್ತದೆ. ತಾನೂ ಕೇಳಿಸಿಕೊಂಡೆ, ಕಲ್ಲು ಮರಳು ಒಳಗೆ ಹೋಗುತ್ತಿದೆ ಎಂದು ಗೊತ್ತಾಯಿತು, ಮೊನ್ನೆಯೇ ಅದಕ್ಕೊಂದು ಬಂದೋಬಸ್ತು ಮಾಡಿದೆ ಎನ್ನುತ್ತಾರೆ.

"ಏನು ಮಾಡ್ದೆ?"

"ತೆಂಗಿನ ನಾರಿನ ಚೀಲ ಇತ್ತಲ್ಲಣ್ಣ, ಫ್ಯಾಕ್ಟರೀದು. ಮುಳುಗಿ, ಫುಟ್ ವಾಲ್ವ್‌ಗೆ ಬಿಗಿಯಾಗಿ ಕಟ್ಟಿ ಬಂದೆ. ಒಂದು ಹರಳೂ ನುಗ್ಗಾಕಿಲ್ಲ. ನಿನ್ನೆ ಇನ್ನೂ ಸದ್ದು ಬಂತು, ಅದ್ಕೆ ಮೇಲಿಂದ ಇನ್ನೊಂದು ಕಟ್ದೆ."

ಆ ಚೀಲವೇ ನೀರಿಗೆ ಅಡ್ಡ ಎಂದು ಜುಂಜಣ್ಣ ಹೇಳುತ್ತಾರೆ. ಬಾವಿಯ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಬಯ್ಯುತ್ತಾರೆಂದು ಕಾದ ಭೀಮರಾಜು ಬಟ್ಟೆ ಬಿಚ್ಚಿ ಚಡ್ಡಿಯಲ್ಲಿ ನಿಂತು ತಾನೇ ಇಳಿದು ಬಿಚ್ಚುತ್ತೇನೆ ಎನ್ನುತ್ತಾರೆ. ಆಗ ಜುಂಜಣ್ಣ ಅಂಗಿ ಬಿಚ್ಚಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಇನ್ನೊಂದು ತುದಿಯನ್ನು ಅವರ ಕೈಗೆ ಕೊಡುತ್ತಾರೆ. ಸ್ಟಾರ್ಟರಿನ ಫ್ಯೂಸ್ ಕಿತ್ತು ಕಟ್ಟೆಯ ಮೇಲಿಡುತ್ತಾರೆ, ತಾನು ಒಳಗಿರುವಾಗ ಯಾರೂ ಗುಂಡಿ ಒತ್ತದಂತೆ. ಬಾಯಲ್ಲಿ ಎಳನೀರು ಕೆತ್ತುವ ಸಣ್ಣ ಮಚ್ಚು ಕಚ್ಚಿಕೊಂಡು ಕಬ್ಬಿಣದ ಮೆಟ್ಟಿಲು ಇಳಿಯುತ್ತಾರೆ.

ನೀರು ಕಟ್ಟೆಯಿಂದ ಹದಿನೆಂಟು ಅಡಿ ಕೆಳಗಿದೆ. ಪೈಪಿನ ತುದಿ ನೀರಿನೊಳಗೆ ಮತ್ತೊಂದು ಆಳು ಆಳದಲ್ಲಿ. ಮೊದಲ ಸಲ ಮುಳುಗಿದವರು ಬರಿಗೈಲಿ ಬರುತ್ತಾರೆ. ನಾರು ನೆನೆದು ಉಬ್ಬಿ, ಪಾಚಿ ಮೆತ್ತಿ, ಗಂಟು ಕಲ್ಲಾಗಿದೆ. ಎರಡನೆಯ ಸಲ ಹೊರಗಿನ ಚೀಲ ಬರುತ್ತದೆ. ಮೂರನೆಯ ಸಲ ಮುಳುಗಿದವರು ಬೇಗ ಏಳುವುದಿಲ್ಲ. ಭೀಮರಾಜು ಹಗ್ಗ ಜಗ್ಗುತ್ತಾರೆ. ಆ ಕಡೆಯಿಂದ ಜಗ್ಗು ಬರುವುದಿಲ್ಲ. ಇನ್ನೊಮ್ಮೆ ಜಗ್ಗುತ್ತಾರೆ. ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಒಂದು ಕೈ ನೀರಿನ ಮೇಲೆ ಬರುತ್ತದೆ, ಅದರಲ್ಲಿ ಕಪ್ಪಗಿನ ನಾರಿನ ಮುದ್ದೆ, ಆಮೇಲೆ ತಲೆ. ವಾಲ್ವಿನ ಬಾಯಿಗೆ ಸಿಕ್ಕಿಕೊಂಡಿದ್ದ ಎಳೆಗಳನ್ನು ಒಂದೊಂದೇ ಕೀಳುತ್ತಿದ್ದರಂತೆ. ಒಂದೆಳೆ ಉಳಿದರೂ ಬಾಯಿ ಮುಚ್ಚದೆ ಪೈಪಿನ ನೀರು ಇಳಿದುಹೋಗುತ್ತದೆ.

ಅಷ್ಟರಲ್ಲಿ ಶಂಭುಲಿಂಗಯ್ಯ ಬಂದು ನಿಂತಿದ್ದಾರೆ. ಗಂಟೆ ಆರೂಕಾಲು. ಕಟ್ಟೆಯ ಮೇಲೆ ಬಿದ್ದ ಎರಡು ಚೀಲ ನೋಡಿ ಅವರಿಗೆ ಅರ್ಥವಾಗುತ್ತದೆ, ಭೀಮರಾಜುವನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಕುಡಿಯುವ ನೀರಿನ ಪಂಪಿಗೆ ಗೋಣಿ ಕಟ್ಟುವ ಬುದ್ಧಿ ಯಾರು ಹೇಳಿಕೊಟ್ಟರು ಎಂದು ಕೇಳುತ್ತಾರೆ. ಭೀಮರಾಜು ತಲೆ ತಗ್ಗಿಸುತ್ತಾರೆ.

ಒದ್ದೆ ಮೈಯಲ್ಲೇ ಜುಂಜಣ್ಣ ಮಾತಾಡುತ್ತಾರೆ. "ಅವನನ್ನ ಬುಡಿ ಸ್ವಾಮಿ. ಮೂರು ವರ್ಷದ ಹಿಂದೆ ಇದೇ ಕೆಲಸ ನಾನೂ ಮಾಡಿದ್ದೆ. ಕಲ್ಲು ಹೊಯ್ತಾ ಐತೆ ಅಂತ ನಾರಿನ ಚೀಲ ಕಟ್ದೆ. ಸದ್ದು ಜಾಸ್ತಿ ಆಯ್ತು, ಇನ್ನೊಂದು ಕಟ್ದೆ. ನಲವತ್ತು ದಿನ ಓಡಿಸ್ದೆ. ಮೇಡಮ್ಮೋರು ಬರೋ ಹೊತ್ಗೆ ಬಿಚ್ಚಿ ಎಸೆದುಬುಟ್ಟಿದ್ದೆ."

ಒಂಬತ್ತು ದಿನ ನೀರಿಲ್ಲದಾಗ ಜನರಿಂದ ಬೈಸಿಕೊಂಡವರು ಶಂಭುಲಿಂಗಯ್ಯ. ಅವರು ಚೀಲವನ್ನು ಕಾಲಿನಿಂದ ಸರಿಸುತ್ತಾರೆ.

"ಅವತ್ತೇ ಹೇಳಬಾರ್ದಾಗಿತ್ತೇನಯ್ಯ?"

"ಹೇಳಿದ್ರೆ ಇವನಿಗಾದ್ರೂ ಗೊತ್ತಿರ್ತಿತ್ತು. ಹೆದರ್ಕೊಂಡೆ."

ಮುಂದಿನದು ಕೆಲಸ. ಬಾವಿಯೊಳಗಿನ ಪೈಪು ಬರಿದಾಗಿದ್ದರೆ ಪಂಪು ನೀರೆಳೆಯುವುದಿಲ್ಲ. ಬಕೆಟ್ಟಿನಲ್ಲಿ ನೀರು ಹೊತ್ತು ಪೈಪು ತುಂಬಿಸಲು ಮೂವರೂ ಕೈ ಹಾಕುತ್ತಾರೆ, ಅಧ್ಯಕ್ಷರೂ ಸೇರಿ. ಆರು ನಲವತ್ತಕ್ಕೆ ಫ್ಯೂಸ್ ಕೂರಿಸಿ ಹಸಿರು ಗುಂಡಿ. ಜುಂಜಣ್ಣ ಸ್ಕ್ರೂಡ್ರೈವರ್ ಕಿವಿಗೆ ಇಡುತ್ತಾರೆ. ಜಲ್ಲಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಬಾವಿಯ ನೀರು ಅಷ್ಟು ಕೆಳಗಿದೆ. ಅವರು ಪಂಪಿನಿಂದ ಆಚೆ ಹೋಗುವ ಪೈಪಿನ ಗೇಟ್ ವಾಲ್ವನ್ನು ಒಂದೊಂದೇ ಸುತ್ತು ಮುಚ್ಚುತ್ತಾ ಬರುತ್ತಾರೆ. ಕಡಿಮೆ ಕಳಿಸಿದರೆ ಕಡಿಮೆ ಎಳೆಯುತ್ತದೆ, ಗುಳ್ಳೆ ಏಳುವುದಿಲ್ಲ. ನಾಲ್ಕನೆಯ ಸುತ್ತಿಗೆ ಜಲ್ಲಿಯ ಸದ್ದು ನಿಂತು ಕೈಯೂ ನಿಲ್ಲುತ್ತದೆ. ಸ್ಕ್ರೂಡ್ರೈವರನ್ನು ಅಧ್ಯಕ್ಷರಿಗೆ ಕೊಡುತ್ತಾರೆ. ಅವರೂ ಕಿವಿಗಿಟ್ಟು ಕೇಳುತ್ತಾರೆ. ಪೂರ್ತಿ ತೆರೆದರೆ ಇನ್ನಷ್ಟು ನೀರು ಏರುತ್ತದಲ್ಲ ಎಂದು ಕೇಳಬೇಕೆಂದಿದ್ದವರು ಕೇಳದೆ ಸ್ಕ್ರೂಡ್ರೈವರನ್ನು ಹಿಂದಿರುಗಿಸುತ್ತಾರೆ.

ಒಂಬತ್ತಕ್ಕೆ ಕರೆಂಟ್ ಹೋಗುವಷ್ಟರಲ್ಲಿ ಟ್ಯಾಂಕಿಗೆ ಏರಿದ್ದು ಐವತ್ತೈದು ಸಾವಿರ ಲೀಟರ್. ಮನೆಗೆ ಎಂಟು ಕೊಡ. ಸಾಲದು, ಆದರೆ ನಾಳೆ ಮತ್ತೆ ನೀರು ಬರುತ್ತದೆ, ನಾಳಿದ್ದೂ. ತೇಪೆಯ ಚಕ್ರ ಉಳಿದಿದೆ. ಎಷ್ಟು ದಿನಕ್ಕೆ ಎಂದು ಜುಂಜಣ್ಣ ಹೇಳುವುದಿಲ್ಲ. ಗೊತ್ತಿದ್ದದ್ದನ್ನು ಮುಚ್ಚಿಟ್ಟು ಒಮ್ಮೆ ಕೆಟ್ಟಿದ್ದೇನೆ, ಈಗ ಗೊತ್ತಿಲ್ಲದ್ದನ್ನು ಹೇಳಲಾರೆ ಎನ್ನುತ್ತಾರೆ. ಮಧ್ಯಾಹ್ನ ಅವರೇ ಭವ್ಯಶ್ರೀ ಅವರಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಕೊಂಡಿದ್ದಾರೆ. ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಮುಂದಿನ ತಿಂಗಳು ತಿಳಿಯುತ್ತದೆ. ಅಧ್ಯಕ್ಷರು ಆ ಬಗ್ಗೆ ಏನೂ ಹೇಳಿಲ್ಲ, ಜುಂಜಣ್ಣ ಕೇಳಿಯೂ ಇಲ್ಲ.

ಅವರು ಕೇಳಿದ್ದು ಬೇರೆ. ಪಂಪ್‌ಹೌಸಿನ ಗೋಡೆಗೆ ಸುಣ್ಣ ಬಳಿಯಲು ಬರುವವರ ಕೈಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು ಬರೆಸಬೇಕಂತೆ: ಜಲ್ಲಿ ಸದ್ದು ಬಂದರೆ ಪಂಪು ನಿಲ್ಲಿಸಿ, ಫುಟ್ ವಾಲ್ವ್‌ಗೆ ಏನನ್ನೂ ಕಟ್ಟಬೇಡಿ.

"ಅದರ ಕೆಳಗೆ ನನ್ನ ಹೆಸರೂ ಹಾಕ್ಸಿ ಅಂದಿದೀನಿ. ಕಟ್ಟಿ ಕೆಡಿಸಿದೋನು ಜುಂಜಣ್ಣ ಅಂತ. ಬರೀ ಬುದ್ಧಿಮಾತು ಬರೆದ್ರೆ ಯಾರು ಓದ್ತಾರೆ? ಹೆಸರಿದ್ರೆ ಇದೇನಪ್ಪ ಅಂತ ನಿಂತು ಕೇಳ್ತಾರೆ. ನಾನಿದ್ರೆ ನಾನೇ ಹೇಳ್ತೀನಿ. ನಾನಿಲ್ದಿದ್ರೆ ಭೀಮರಾಜು ಹೇಳ್ತಾನೆ."