ಏರು ಹತ್ತದ ದೊಡ್ಡ ಗಾಡಿ

ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವನು ಅವನು. ಆಫೀಸಿನ ಎಸ್‌ಯುವಿ ಓಡಿಸುತ್ತಿದ್ದ. ಏಳು ಜನ ಕೂತರೂ ಮೇಲ್ಸೇತುವೆಯ ಏರನ್ನು ಲೆಕ್ಕಕ್ಕಿಡದ ಆ ಗಾಡಿ, ಒಂದು ವಾರದಿಂದ ಕೆಸರಲ್ಲಿ ಕೂತ ಎಮ್ಮೆಯಾಗಿತ್ತು. ಸಿಗ್ನಲ್ ಹಸಿರಾದರೆ ಪಕ್ಕದ ಹಾಲಿನ ವ್ಯಾನು ಮುಂದೆ, ಇವನು ಹಿಂದೆ. ಒಳಗೆ ಕೂತಿದ್ದ ಮೇಡಂ ಒಬ್ಬರು, "ಇಳಿದು ತಳ್ಳಲೇನ್ರೀ?" ಅಂದೇಬಿಟ್ಟರು.

ಎಲ್ಲರೂ ಗಾಡಿಯನ್ನು ಬೈದರು. ಅವನ ಹೆದರಿಕೆಯೇ ಬೇರೆ. ಸಕ್ಕರೆ ಕಾಯಿಲೆ ಹೀಗೇ ಏರಿದರೆ ಪಾದ ಜೋಮು ಹಿಡಿಯುತ್ತೆ ಅಂತ ಡಾಕ್ಟರು ಎಚ್ಚರಿಸಿದ್ದರು. ಬಲಗಾಲನ್ನು ಪೂರ್ತಿ ಒತ್ತಿದ್ದೇನೆ ಅನ್ನಿಸುತ್ತಿತ್ತು, ಗಾಡಿ ಓಡುತ್ತಿರಲಿಲ್ಲ. ಅಂದಮೇಲೆ ಕಾಲೇ ಸುಳ್ಳು ಹೇಳುತ್ತಿದೆ! ಡ್ರೈವರನ ಕಾಲು ಹೋದಮೇಲೆ ಇನ್ನೇನು ಉಳಿಯಿತು, ಮಣ್ಣಾಂಗಟ್ಟಿ? ಹೆಂಡತಿಯ ಹತ್ತಿರವೂ ತುಟಿ ಬಿಚ್ಚಲಿಲ್ಲ.

ಕೊನೆಗೆ ತಡೆಯಲಾರದೆ ಭಾವಮೈದನ ಗ್ಯಾರೇಜಿಗೆ ಹೋದ. ಆತ ಏರ್ ಫಿಲ್ಟರ್ ಬಿಚ್ಚಿ ನೋಡಿದ, ಟೈರಿನ ಗಾಳಿ ನೋಡಿದ, ಬ್ರೇಕ್ ಹಿಡಿದುಕೊಂಡಿದೆಯಾ ಅಂತ ಚಕ್ರ ತಿರುಗಿಸಿದ. ಎಲ್ಲಾ ಸರಿ.

"ಆ ಕಡೆ ಸರೀರಿ ಭಾವ, ನಾನೇ ಓಡಿಸ್ತೀನಿ."

ಅವನು ಉಸಿರು ಬಿಗಿಹಿಡಿದು ಕೂತ. ಏರು ಬಂತು.

"ಥೂ ಇದರ! ನನ್ನ ಕೈಲೂ ಎಳೀತಿಲ್ವಲ್ಲ!"

"ಹೌದೇನೋ? ನಿಜವಾಗ್ಲೂ?"

"ಗಾಡಿ ಕೆಟ್ಟಿದೆ ಅಂದ್ರೆ ನಗ್ತೀರಲ್ಲ ಭಾವ, ತಲೆ ನೆಟ್ಟಗಿದ್ಯಾ?"

ಭಾವಮೈದ ಗಾಡಿ ನಿಲ್ಲಿಸಿ ಪೆಡಲಿನ ಹತ್ತಿರ ಬಗ್ಗಿದ. ಗಾಡಿಯ ಹಳೇ ಮ್ಯಾಟಿನ ಮೇಲೆ ಇನ್ನೊಂದು, ಬೆರಳು ದಪ್ಪದ್ದು. ಆಕ್ಸಿಲರೇಟರ್ ಅರ್ಧಕ್ಕೇ ಅದಕ್ಕೆ ತಗುಲಿ ನಿಲ್ಲುತ್ತಿತ್ತು.

"ಇದ್ಯಾವ ಬುದ್ಧಿವಂತರ ಕೆಲಸ?"

"ನಿಮ್ಮಕ್ಕಂದೇ. ಹೋದ ವಾರ ಗಾಡಿ ಮನೆ ಹತ್ರ ನಿಂತಿದ್ದಾಗ, ಕಾಲಿಗೆ ಮೆತ್ತಗಿರಲಿ ಅಂತ ಹಾಸಿದ್ಳು."

"ಮೂವತ್ತು ವರ್ಷದ ಡ್ರೈವರು! ಬಗ್ಗಿ ನೋಡೋಕೆ ಏನಾಗಿತ್ತು? ಪೆಡಲ್ ಒತ್ತಿದಲ್ಲೇ ಸಿಕ್ಕಿಹಾಕ್ಕೊಂಡಿದ್ರೆ ಏನ್ ಗತಿ?"

ಮ್ಯಾಟನ್ನು ಕಿತ್ತು ಹಿಂದಕ್ಕೆಸೆದು, ಭಾವಮೈದನನ್ನು ಪಕ್ಕಕ್ಕೆ ಸರಿಸಿ ಅವನೇ ಸ್ಟೇರಿಂಗ್ ಹಿಡಿದ. ಒತ್ತಿದ. ಗಾಡಿ ಏರನ್ನು ಗುಟುಕರಿಸಿ ನುಂಗಿತು.

ಮೇಲೆ ಹೋಗಿ ಪಕ್ಕಕ್ಕೆ ನಿಲ್ಲಿಸಿ ಹೆಂಡತಿಗೆ ಫೋನ್ ಹಚ್ಚಿದ. ಬೈಯಬೇಕು ಅಂತಲೇ ಹಚ್ಚಿದ್ದು. "ನಿನ್ನ ಮ್ಯಾಟಿಗಿಷ್ಟು ಬೆಂಕಿ..." ಅಂದವನು ಬಲಗಾಲನ್ನೊಮ್ಮೆ ಅಲ್ಲಾಡಿಸಿ ನೋಡಿಕೊಂಡ. "ನನ್ನ ಕಾಲೇ ಹೋಯ್ತು ಅಂದ್ಕೊಂಡಿದ್ದೆ ಕಣೇ."



"ವಾರವೆಲ್ಲ ಒಬ್ರೇ ನುಂಗ್ಕೊಂಡಿದ್ರಾ? ಬನ್ನಿ ಮನೆಗೆ, ನಿಮಗಿದೆ," ಅಂದಳು ಮೂಗೊರೆಸಿಕೊಳ್ಳುತ್ತಾ.